ಪುಟ್ಟನ ಹೆಸರಿಗೊಂದು ಪಾಲಿಸಿ

ಹೋದ ವರ್ಷ ಯುಗಾದಿ ಮುಗಿದ ಮೂರನೆಯ ದಿನ. ಉಳಿದಿದ್ದ ಹೋಳಿಗೆಗಳನ್ನು ಕಾವಲಿಯ ಮೇಲೆ ಬಿಸಿ ಮಾಡುತ್ತಿದ್ದೆ. "ಅಕ್ಕಾ, ಒಳಗಿದ್ದೀರಾ?" ಎಂದು ಬಾಗಿಲಲ್ಲಿ ದನಿ ಕೇಳಿತು. ನಮ್ಮ ಬೀದಿಗೆಲ್ಲ ಬೇಕಾದವನಾದ ವಿಮಾ ಏಜೆಂಟ್ ಹುಡುಗ. ಮಗಳ ಹೆಸರಿನಲ್ಲಿದ್ದ ಪಾಲಿಸಿಯ ಕಂತಿನ ರಸೀದಿ ಕೊಡಲು ಬಂದಿದ್ದ. ಹೋಳಿಗೆ ತಿನ್ನುತ್ತಾ ಜಗುಲಿಯ ಕಡೆ ನೋಡಿ, "ಅಕ್ಕಾ, ಮಗಳಿಗೆ ಮಾಡಿಸಿದ್ದೀರಿ. ಮಗನಿಗೆ ಮಾತ್ರ ಯಾಕೆ ಬೇಡ?" ಎಂದ.

ಅವನು ಆಡಿದ್ದು ಸಾಮಾನ್ಯ ಮಾತೇ. ಆದರೂ ನನ್ನ ಎದೆಯೊಳಗೆ ಚುಳ್ಳೆಂದಿತು.

ಜಗುಲಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದವನು ನಮ್ಮ ಪುಟ್ಟ. ವಯಸ್ಸು ಇಪ್ಪತ್ತೆರಡು. ಮೀಸೆ ಬಂದಿದೆ, ಅಪ್ಪನಿಗಿಂತ ಎತ್ತರ ಬೆಳೆದಿದ್ದಾನೆ. ಹುಟ್ಟಿದಾಗ ತಡವಾಗಿ ಅತ್ತ ಮಗು. ಕೂರುವುದು, ನಡೆಯುವುದು, ಮಾತು ಎಲ್ಲವೂ ತಡವಾಯಿತು. ಹಿಂದೆ ಬುದ್ಧಿಮಾಂದ್ಯ ಎನ್ನುತ್ತಿದ್ದರು, ಈಗ ಬೌದ್ಧಿಕ ಅಂಗವೈಕಲ್ಯ ಎಂದು ಬರೆಯುತ್ತಾರೆ. ಸರ್ಟಿಫಿಕೇಟಿನಲ್ಲಿ ಶೇಕಡಾ 75 ಎಂದಿದೆ. ಬೆಳಗ್ಗೆ ಡೈರಿಯಿಂದ ಹಾಲು ತರುತ್ತಾನೆ, ಗಿಡಗಳಿಗೆ ನೀರು ಹಾಕುತ್ತಾನೆ, ನನ್ನ ಮುಖ ಬಾಡಿದರೆ ಮನೆಯಲ್ಲಿ ಮೊದಲು ಗುರುತಿಸುವವನೂ ಅವನೇ. ಆದರೆ ಐನೂರರ ನೋಟಿಗೂ ಹತ್ತರ ನೋಟಿಗೂ ಅವನಿಗೆ ಬಣ್ಣದಲ್ಲಷ್ಟೇ ವ್ಯತ್ಯಾಸ.

"ಇವನಿಗೂ ಆಗುತ್ತೇನಪ್ಪಾ?" ಎಂದು ಕೇಳಿದೆ.

"ಆಗದೆ ಏನಕ್ಕಾ? ಫಾರಂನಲ್ಲಿ ಆರೋಗ್ಯ ಚೆನ್ನಾಗಿದೆ ಅಂತ ಬರೆಯೋದು, ಅವನ ಕೈಲಿ ಒಂದು ಸಹಿ ಗೀಚಿಸೋದು. ಯಾರು ಬಂದು ನೋಡ್ತಾರೆ?"

ನನಗೆ ಆಗ ಆದ ಸಂತೋಷ ಹೇಳಲಾರೆ. ಅಕ್ಕನಿಗೆ ಇರುವುದೆಲ್ಲ ಇವನಿಗೂ ಇರಬೇಕೆಂಬ ಆಸೆ ನನ್ನದು. ಶಾಲೆ, ಮದುವೆ, ಸಂಬಳ ಒಂದೂ ಅವನ ಪಾಲಿಗೆ ಬರಲಿಲ್ಲ. ಒಂದು ಪಾಲಿಸಿಯಾದರೂ ಬರಲಿ ಅನ್ನಿಸಿತು.

ರಾತ್ರಿ ಇವರಿಗೆ ಹೇಳಿದೆ. ಇವರು ಇಲ್ಲಿ ತಿಪಟೂರಿನಲ್ಲೇ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರು. ಸುಳ್ಳು ಲೆಕ್ಕ ಕಂಡರೆ ಆಗದು. "ಸುಳ್ಳು ಬರೆದು ತಗೊಳ್ಳೋ ಪಾಲಿಸಿ ನಾಳೆ ಕೈ ಕೊಡುತ್ತೆ ಕಣೇ. ಸೋಮವಾರ ನಾವೇ ಆಫೀಸಿಗೆ ಹೋಗಿ ಕೇಳೋಣ" ಎಂದರು.

ಯಾರ ಜೀವಕ್ಕೆ ವಿಮೆ?

ವಿಮಾ ಕಚೇರಿಯಲ್ಲಿ ನಿವೃತ್ತಿಗೆ ಹತ್ತಿರವಾದ ಒಬ್ಬ ಅಧಿಕಾರಿ ಇದ್ದರು. ನನ್ನ ಮಾತನ್ನೆಲ್ಲ ಕೇಳಿ, ಪುಟ್ಟನ ಸರ್ಟಿಫಿಕೇಟ್ ನೋಡಿ, ಒಂದೇ ಪ್ರಶ್ನೆ ಕೇಳಿದರು. "ಅಮ್ಮಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಗ ಹೋದರೆ ನಿಮ್ಮ ಮನೆಯ ವರಮಾನ ನಿಲ್ಲುತ್ತಾ? ನೀವಿಬ್ಬರು ಹೋದರೆ ಅವನ ಊಟ ನಿಲ್ಲುತ್ತಾ?"

ನನಗೆ ಉತ್ತರ ಹೊರಡಲಿಲ್ಲ. ಜೀವವಿಮೆ ಎಂದರೆ ಪ್ರೀತಿಯ ಕುರುಹು ಎಂದು ತಿಳಿದಿದ್ದೆ. ಅದು ಅನ್ನದ ಲೆಕ್ಕ. ಯಾರ ದುಡಿಮೆ, ಯಾರ ಆರೈಕೆ ನಿಂತರೆ ಮನೆ ನಿಲ್ಲುತ್ತದೋ ಅವರ ಜೀವಕ್ಕೆ ಮೊದಲು ವಿಮೆ ಇಳಿಸಬೇಕು. ನಮ್ಮ ಮನೆಯಲ್ಲಿ ಅದು ಇವರ ಜೀವ ಮತ್ತು ನನ್ನ ಜೀವ. ಇಷ್ಟು ಸರಳ ವಿಷಯ ಇಪ್ಪತ್ತೆರಡು ವರ್ಷ ನನಗೆ ಹೊಳೆದಿರಲಿಲ್ಲ!

ಹಾಗಾದರೆ ಇಂಥ ಮಕ್ಕಳ ಜೀವಕ್ಕೆ ವಿಮೆ ಸಿಗುವುದೇ ಇಲ್ಲವೇ? ಹಾಗೆಂದೂ ಹೇಳುವಂತಿಲ್ಲ. ವಿಮೆ ಒಂದು ಕರಾರು. 1872ರ ಕರಾರು ಕಾನೂನಿನ ಪ್ರಕಾರ, ತಾನು ಏನಕ್ಕೆ ಸಹಿ ಹಾಕುತ್ತಿದ್ದೇನೆಂದು ತಿಳಿಯುವ ಶಕ್ತಿ ಸಹಿ ಮಾಡುವವರಿಗೆ ಇರಬೇಕು. ತೊಂದರೆ ಅಲ್ಪವಾಗಿದ್ದು, ಸ್ವಂತ ಸಂಪಾದನೆ ಇದ್ದು, ವಿಷಯ ಅರ್ಥ ಮಾಡಿಕೊಳ್ಳುವವರಾದರೆ ಅವರು ಅರ್ಜಿ ಹಾಕಬಹುದು. ಕಂಪನಿ ವೈದ್ಯರ ವರದಿ ನೋಡಿ ಒಪ್ಪಬಹುದು, ಹೆಚ್ಚಿನ ಕಂತು ಕೇಳಬಹುದು, ಇಲ್ಲವೇ ಬೇಡ ಎನ್ನಬಹುದು. ಇಂಥವರ ಸಂಬಳದಿಂದ ಮನೆ ನಡೆಯುತ್ತಿದ್ದರೆ ಅವರ ಜೀವಕ್ಕೂ ವಿಮೆ ಬೇಕೇ ಬೇಕು. ಆದರೆ ವಯಸ್ಸಿಗೆ ಬಂದ ಮಗನ ಜೀವದ ಮೇಲೆ ತಂದೆ ತಾಯಿ ಪಾಲಿಸಿ ಕೇಳಿದರೆ, ಅವನಿಂದ ನಿಮಗೆ ಹಣಕಾಸಿನ ಆಸರೆ ಏನು ಎಂಬ ಪ್ರಶ್ನೆ ಬರುತ್ತದೆ. ನಮ್ಮ ಪುಟ್ಟನ ವಿಷಯದಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಒಂದು ಮಾತು ನೆನಪಿಡಿ. 2007ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ ಆರೋಗ್ಯವಿಮೆ, ಜೀವವಿಮೆಗಳಲ್ಲಿ ಅಂಗವಿಕಲರಿಗೆ ಭೇದಭಾವ ಕೂಡದೆಂದಿದೆ. ಆದ್ದರಿಂದ "ಇಂಥವರಿಗೆ ಕೊಡಲ್ಲಮ್ಮ" ಎಂದು ಯಾರಾದರೂ ಬಾಯಲ್ಲಿ ಹೇಳಿ ಕಳಿಸಿದರೆ ಸುಮ್ಮನೆ ಬರಬೇಡಿ. ಕಾರಣವನ್ನು ಬರೆದು ಕೊಡಿ ಎಂದು ಕೇಳಿ. ಮೊದಲು ಆ ಕಂಪನಿಗೇ ದೂರು ಕೊಡಬೇಕು. ಉತ್ತರ ಬಾರದಿದ್ದರೆ ವಿಮಾ ಪ್ರಾಧಿಕಾರದ ದೂರವಾಣಿ 155255ಕ್ಕೆ ತಿಳಿಸಬಹುದು.

ಮುಚ್ಚಿಟ್ಟರೆ ಏನಾಗುತ್ತದೆ?

ಏಜೆಂಟ್ ಹುಡುಗನ ಸಲಹೆ ಎಷ್ಟು ಅಪಾಯದ್ದೆಂದು ಆ ದಿನ ತಿಳಿಯಿತು. ವಿಮಾ ಕಾನೂನಿನ 45ನೇ ಕಲಮಿನಂತೆ, ಪಾಲಿಸಿ ಶುರುವಾಗಿ ಮೂರು ವರ್ಷದೊಳಗೆ, ಮುಖ್ಯ ವಿಷಯ ಮುಚ್ಚಿಟ್ಟದ್ದು ಗೊತ್ತಾದರೆ ಕಂಪನಿ ಪಾಲಿಸಿಯನ್ನೇ ಅಲ್ಲಗಳೆಯಬಹುದು. ಮೂರು ವರ್ಷ ದಾಟಿದ ಮೇಲೆ ಪ್ರಶ್ನಿಸುವಂತಿಲ್ಲವೆಂದು 2015ರಲ್ಲಿ ತಿದ್ದುಪಡಿಯಾಗಿದೆ, ನಿಜ. ಆದರೆ ಸಾವು ಮೂರು ವರ್ಷ ಮುಗಿಯಲೆಂದು ಕಾಯುತ್ತದೆಯೇ?

ಈ ಮಾತು ನಮ್ಮ ಸ್ವಂತ ಪಾಲಿಸಿಗೂ ಸಲ್ಲುತ್ತದೆ. ಇವರಿಗೆ ಸಕ್ಕರೆ ಕಾಯಿಲೆ ಇದೆ. ಬರೆದರೆ ಕಂತು ಜಾಸ್ತಿಯಾಗುತ್ತದೆಂದು ಗೊತ್ತಿದ್ದರೂ ಬರೆದೆವು. ಜಾಸ್ತಿ ಆಯಿತು ಕೂಡ. ಆದರೆ ಸೋದರಿಯರೇ, ನಾವಿಲ್ಲದ ಮೇಲೆ ಆ ಹಣಕ್ಕಾಗಿ ಕಂಪನಿಯೊಡನೆ ಗುದ್ದಾಡಲು ನಮ್ಮ ಪುಟ್ಟನಿಗೆ ಆದೀತೇ? ಬೇರೆಯವರು ಹೇಗೋ ಏನೋ, ಇಂಥ ಮಕ್ಕಳ ತಂದೆ ತಾಯಿ ಫಾರಂನ ಒಂದು ಸಾಲನ್ನೂ ಸುಳ್ಳು ಬರೆಯಬಾರದು. ಖಾಲಿ ಫಾರಂಗೆ ಸಹಿ ಮಾಡಿ ಏಜೆಂಟರ ಕೈಗೆ ಕೊಡಲೂಬಾರದು.

ಎಂಥ ಪಾಲಿಸಿ ಬೇಕು?

ಬೇರೆ ಮಕ್ಕಳು ಇಪ್ಪತ್ತೈದಕ್ಕೆ ತಮ್ಮ ಕಾಲ ಮೇಲೆ ನಿಲ್ಲುತ್ತಾರೆ. ಅಲ್ಲಿಯವರೆಗೆ ಅಪ್ಪನಿಗೆ ವಿಮೆ ಇದ್ದರೆ ಸಾಕು. ನಮ್ಮ ಮಕ್ಕಳ ಅಗತ್ಯ ಅವರ ಉಸಿರಿರುವ ತನಕ. ಪಾಲಿಸಿ ಆರಿಸುವಾಗ ಈ ವ್ಯತ್ಯಾಸವನ್ನು ಮರೆಯಬಾರದು.

ಟರ್ಮ್ ಪಾಲಿಸಿ ಎಂದರೆ ಇಷ್ಟು ವರ್ಷದೊಳಗೆ ಸತ್ತರೆ ಮಾತ್ರ ಹಣ, ಬದುಕಿದರೆ ಏನೂ ಇಲ್ಲ. ಹಾಗಾಗಿ ಕಡಿಮೆ ಕಂತಿಗೆ ದೊಡ್ಡ ಮೊತ್ತ ಸಿಗುತ್ತದೆ. ಆದರೆ ಅರವತ್ತಕ್ಕೆ ಮುಗಿಯುವ ಟರ್ಮ್ ಪಾಲಿಸಿ ತೆಗೆದುಕೊಂಡು ಅಪ್ಪ ಎಪ್ಪತ್ತಕ್ಕೆ ಹೋದರೆ ಮಗನಿಗೆ ಬಿಡಿಗಾಸೂ ಬರದು. ಜೀವನಪೂರ್ತಿಯ ಪಾಲಿಸಿಯಲ್ಲಿ ಸಾವು ಯಾವಾಗ ಬಂದರೂ ಹಣವಿದೆ, ಆದರೆ ಕಂತು ಹೆಚ್ಚು. ನಾವು ನಮ್ಮ ಶಕ್ತಿ ನೋಡಿ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿಸಿದೆವು. ಕೆಲವು ಪಾಲಿಸಿಗಳಲ್ಲಿ ಸಾವಿನ ನಂತರದ ಹಣವನ್ನು ಒಂದೇ ಗಂಟಾಗಿ ಕೊಡದೆ ಐದು, ಹತ್ತು ವರ್ಷ ಕಂತಿನಲ್ಲಿ ಕೊಡುವ ಅನುಕೂಲವಿದೆ. ನಮ್ಮಂಥವರಿಗೆ ಅದೇ ಮೇಲು. 2025ರ ಸೆಪ್ಟೆಂಬರ್ 22ರಿಂದ ಸ್ವಂತದ ಜೀವವಿಮೆ, ಆರೋಗ್ಯವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ. ಅಷ್ಟು ಹಗುರ.

ಹಿಂದೆ ಜೀವವಿಮಾ ನಿಗಮದಲ್ಲಿ ಅಂಗವಿಕಲ ಅವಲಂಬಿತರಿಗೆಂದೇ 'ಜೀವನ್ ಆಧಾರ್' ಎಂಬ ಪಾಲಿಸಿ ಇತ್ತು. ತಂದೆ ತಾಯಿ ಕಂತು ಕಟ್ಟಿದರೆ, ಅವರ ನಂತರ ಮಗುವಿಗೆ ಒಂದು ಭಾಗ ಇಡಿಗಂಟು, ಉಳಿದದ್ದು ಪಿಂಚಣಿಯಂತೆ. ಹೊಸದಾಗಿ ಅದು ಈಗ ಸಿಗುವುದಿಲ್ಲ. ಹಳೆಯದು ಇದ್ದವರು ಜೋಪಾನ ಮಾಡಿ. ಅದರಲ್ಲಿ ತಂದೆ ತಾಯಿ ಬದುಕಿರುವವರೆಗೆ ಮಗುವಿಗೆ ಹಣ ಸಿಗುವುದಿಲ್ಲವೆಂದು ಒಬ್ಬ ತಂದೆ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2019ರಲ್ಲಿ ಕೋರ್ಟು ಈ ಬಗ್ಗೆ ಯೋಚಿಸಿ ಎಂದು ಸರ್ಕಾರಕ್ಕೆ ಹೇಳಿತು. 2022ರಲ್ಲಿ ತೆರಿಗೆ ಕಾನೂನು ತಿದ್ದುಪಡಿಯಾಗಿ, ಕಂತು ಕಟ್ಟುವವರಿಗೆ ಅರವತ್ತು ತುಂಬಿ ಕಂತು ನಿಂತ ಮೇಲೆ ಅವರು ಬದುಕಿರುವಾಗಲೇ ಮಗುವಿಗೆ ಹಣ ಬಂದರೂ ತೆರಿಗೆ ರಿಯಾಯಿತಿ ತಪ್ಪದಂತಾಯಿತು. ಒಬ್ಬ ತಂದೆಯ ಛಲದಿಂದ ಎಷ್ಟೊಂದು ಮನೆಗಳಿಗೆ ಉಪಕಾರ ನೋಡಿ!

ನಮ್ಮ ಜೀವಕ್ಕೇನು ಬೆಲೆ?

"ನನಗ್ಯಾಕ್ರೀ ವಿಮೆ? ನಾನೇನು ದುಡಿಯುತ್ತೇನೆಯೇ?" ಎಂದು ಕಚೇರಿಯಲ್ಲೇ ಅಂದುಬಿಟ್ಟೆ. ಆ ಅಧಿಕಾರಿ ನಕ್ಕು, "ನೀವು ಒಂದು ವಾರ ಊರಿಗೆ ಹೋದರೆ ನಿಮ್ಮ ಮಗನನ್ನು ನೋಡಿಕೊಳ್ಳೋರಿಗೆ ಎಷ್ಟು ಕೊಡಬೇಕು, ಲೆಕ್ಕ ಹಾಕಿ" ಎಂದರು. ಸ್ನಾನ ಮಾಡಿಸುವುದು, ಔಷಧಿ, ಊಟ, ರಾತ್ರಿ ಎದ್ದು ಕೂತರೆ ಸಮಾಧಾನ... ಸಂಬಳ ಕೊಟ್ಟು ಇಡುತ್ತೇನೆಂದರೆ ಇವರ ಸಂಬಳದ ಅರ್ಧ ಅದಕ್ಕೇ ಬೇಕು. ಗೃಹಿಣಿಯ ಜೀವಕ್ಕೂ ವಿಮೆ ಬೇಕೆಂಬುದು ನನಗೆ ಅಂದು ಅರ್ಥವಾಯಿತು.

ದೊಡ್ಡ ಕಂತು ಕಟ್ಟಲಾಗದವರು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯಿಂದ ಶುರು ಮಾಡಿ. ಬ್ಯಾಂಕಿನ ಉಳಿತಾಯ ಖಾತೆಯಿಂದ ವರ್ಷಕ್ಕೆ 436 ರೂಪಾಯಿ ಕಡಿತವಾಗುತ್ತದೆ, ಯಾವ ಕಾರಣದಿಂದ ಸಾವು ಬಂದರೂ 2 ಲಕ್ಷ ರೂಪಾಯಿ. ಸೇರಲು ವಯಸ್ಸು 18ರಿಂದ 50, ರಕ್ಷಣೆ 55ರವರೆಗೆ. ಅಪಘಾತಕ್ಕೆಂದೇ ಇರುವ ಸುರಕ್ಷಾ ವಿಮೆಗೆ ವರ್ಷಕ್ಕೆ 20 ರೂಪಾಯಿ, 70ರ ವಯಸ್ಸಿನವರೆಗೆ. ಕಾಫಿಪುಡಿ ಡಬ್ಬದಲ್ಲಿ ನಾವು ಅಡಗಿಸಿಡುವ ದುಡ್ಡಿನಲ್ಲೇ ಆಗಿಹೋಗುತ್ತದೆ. ನನಗೀಗ ನಲವತ್ತಾರು, ಸೇರಿಕೊಂಡೆ. ಇವರಿಗೆ ಐವತ್ತೊಂದು, ಜೀವನ್ ಜ್ಯೋತಿ ಒಂದೇ ವರ್ಷದಲ್ಲಿ ತಪ್ಪಿಹೋಯಿತು. ಆಮೇಲೆ ನೋಡೋಣ ಎಂದು ಮುಂದೂಡಿದ್ದಕ್ಕೆ ತೆತ್ತ ಬೆಲೆ ಅದು.

ನಾಮಿನಿ ಎಂಬ ಬಲೆ

ನಾಮಿನಿ ವಿಷಯದಲ್ಲಿ ಅತಿ ಹೆಚ್ಚು ಮನೆಗಳು ಎಡವುತ್ತವೆ. ವಿಶೇಷ ಶಾಲೆಯಲ್ಲಿ ಪರಿಚಯವಾದ ಒಬ್ಬ ತಾಯಿ ಪಾಪ, ಗಂಡ ತೀರಿಕೊಂಡ ಮೇಲೆ ಪಾಲಿಸಿ ತೆಗೆದು ನೋಡಿದರೆ ನಾಮಿನಿ ಜಾಗದಲ್ಲಿ ಮಗಳ ಹೆಸರು. ಅವರ ಯಜಮಾನರು ಪ್ರೀತಿಯಿಂದಲೇ ಬರೆಸಿದ್ದರು. ಆದರೆ ಮಗಳಿಗೆ ಇಪ್ಪತ್ತಾರು, ಸಹಿ ಬಾರದು, ಖಾತೆ ನಡೆಸಲಾಗದು. "ನಾನು ಅವಳ ಹೆತ್ತ ತಾಯಿ" ಎಂದು ಇವರು ಎಷ್ಟು ಹೇಳಿದರೂ ಕಾಗದ ಕೇಳಿದರು. ತಿಂಗಳುಗಟ್ಟಲೆ ಅಲೆದರು.

ಇದಕ್ಕೆ ಕಾರಣವೇನೆಂದರೆ, ಮಗುವಿಗೆ ಹದಿನೆಂಟು ತುಂಬಿದ ದಿನ ಕಾನೂನಿನ ಕಣ್ಣಿನಲ್ಲಿ ತಂದೆ ತಾಯಿ ಪೋಷಕರಲ್ಲ! ನಾಮಿನಿ ಅಪ್ರಾಪ್ತ ವಯಸ್ಕನಾದರೆ ಅವನ ಪರವಾಗಿ ಹಣ ಪಡೆಯಲು ಇನ್ನೊಬ್ಬರನ್ನು ಪಾಲಿಸಿಯಲ್ಲೇ ನೇಮಿಸಬಹುದು. ವಯಸ್ಸಿಗೆ ಬಂದವನಿಗೆ ಆ ಅನುಕೂಲವಿಲ್ಲ, ಅವನ ಬುದ್ಧಿ ಐದು ವರ್ಷದ್ದೇ ಆಗಿದ್ದರೂ ಸರಿ.

ಪರಿಹಾರ ಎರಡಿವೆ. ಮೊದಲನೆಯದು, ಕಾನೂನುಬದ್ಧ ಪೋಷಕರ ನೇಮಕ. 1999ರ ನ್ಯಾಷನಲ್ ಟ್ರಸ್ಟ್ ಕಾನೂನಿನಡಿ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಇರುತ್ತದೆ, ಅದರಲ್ಲಿ ಜಿಲ್ಲಾಡಳಿತದ ಹಿರಿಯ ಅಧಿಕಾರಿ ಇರುತ್ತಾರೆ. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹು ಅಂಗವೈಕಲ್ಯ ಇರುವವರಿಗೆ ಈ ಸಮಿತಿ ಪೋಷಕರನ್ನು ನೇಮಿಸುತ್ತದೆ. ತಂದೆ ತಾಯಿ, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ಅರ್ಜಿ ಹಾಕಬಹುದು. ಈ ಪತ್ರವನ್ನು ಬ್ಯಾಂಕಿನವರೂ ಒಪ್ಪುತ್ತಾರೆ. ಪೋಷಕರಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ಹಣ ನುಂಗಿದರೆ, ನಿರ್ಲಕ್ಷ್ಯ ಮಾಡಿದರೆ ಅವರನ್ನು ತೆಗೆದುಹಾಕಲೂ ದಾರಿಯಿದೆ.

ಎರಡನೆಯದು, 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾನೂನು. ಗಂಡ ತನ್ನ ಜೀವದ ಮೇಲೆ ಪಾಲಿಸಿ ಮಾಡಿಸುವಾಗಲೇ, ಇದು ಹೆಂಡತಿ ಅಥವಾ ಮಕ್ಕಳ ಹಿತಕ್ಕಾಗಿ ಎಂದು ಈ ಕಾನೂನಿನಡಿ ಬರೆಸಿದರೆ ಆ ಪಾಲಿಸಿ ಒಂದು ಟ್ರಸ್ಟ್ ಆಗಿಬಿಡುತ್ತದೆ. ಹಣ ನೋಡಿಕೊಳ್ಳುವ ಟ್ರಸ್ಟಿಯ ಹೆಸರನ್ನೂ ಬರೆಸಬಹುದು. ಗಂಡನ ಸಾಲಗಾರರು ಅದನ್ನು ಮುಟ್ಟುವಂತಿಲ್ಲ, ಬೇರೆ ವಾರಸುದಾರರು ಪಾಲು ಕೇಳುವಂತಿಲ್ಲ. ಆದರೆ ಪಾಲಿಸಿ ಕೊಳ್ಳುವಾಗಲೇ ಬರೆಸಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ಇವರ ಹೊಸ ಪಾಲಿಸಿ ಹೀಗೇ ಆಗಿದೆ. ಫಲ ಪುಟ್ಟನಿಗೆ, ಟ್ರಸ್ಟಿ ಅವನ ಅಕ್ಕ.

ಆ ಟ್ರಸ್ಟಿಯ ಮಾತು ಎತ್ತುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಮಗಳು ಮದುವೆಯಾಗಿ ಬೆಂಗಳೂರಿನಲ್ಲಿದ್ದಾಳೆ. ಅತ್ತೆಮನೆಯಿರುವ ಹೆಣ್ಣಿಗೆ ತಮ್ಮನ ಭಾರ ಹೊರಿಸುವುದು ಹೇಗೆ ಎಂದು ಬಾಯಿ ಬಿಟ್ಟು ಹೇಳಿರಲಿಲ್ಲ. ಗೌರಿ ಹಬ್ಬಕ್ಕೆ ಬಂದಾಗ ಹೇಳಿದೆ. ಅವಳು ಬಾಗಿನದ ಮೊರ ಪಕ್ಕಕ್ಕಿಟ್ಟು, "ಅಮ್ಮಾ, ನಾನು ಹತ್ತು ವರ್ಷದಿಂದ ಇದನ್ನೇ ಯೋಚಿಸ್ತಿದ್ದೀನಿ. ನೀವು ಹೇಳ್ತೀರಾ ಅಂತ ಕಾಯ್ತಿದ್ದೆ. ಪುಟ್ಟನನ್ನ ನೋಡ್ಕೊಳ್ಳೋಕೆ ನನಗೆ ಭಯ ಇಲ್ಲ. ಏನೂ ಹೇಳದೆ ಹೋಗಿಬಿಡ್ತೀರಾ ಅನ್ನೋದೇ ಭಯ" ಎಂದಳು. ಅಳಿಯಂದಿರನ್ನೂ ಕೂರಿಸಿಕೊಂಡು ಎಲ್ಲ ಕಾಗದ ತೋರಿಸಿದೆವು.

ಇನ್ನು ಕೆಲವು ಆಸರೆಗಳು

'ನಿರಾಮಯ' ಎಂಬ ಯೋಜನೆಯನ್ನು ಹಲವರು ಜೀವವಿಮೆ ಎಂದುಕೊಳ್ಳುತ್ತಾರೆ. ಅದು ಆರೋಗ್ಯವಿಮೆ. ನ್ಯಾಷನಲ್ ಟ್ರಸ್ಟ್‌ನದು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು. ವಯಸ್ಸಿನ ಮಿತಿಯಿಲ್ಲ, ಮೊದಲೇ ವೈದ್ಯಕೀಯ ಪರೀಕ್ಷೆಯೂ ಇಲ್ಲ. ಪುಟ್ಟನ ಹೆಸರಿಗೆ ನಾವು ಮಾಡಿಸಿದ ಮೊದಲ ವಿಮೆ ಇದೇ. ಇದನ್ನು ಪ್ರತಿವರ್ಷ ನವೀಕರಿಸಬೇಕು, ಮರೆಯಬಾರದು.

ಮನೆಯವರು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದು ಪಿಂಚಣಿ ಇದ್ದರೆ, ಸ್ವಂತ ಸಂಪಾದನೆ ಸಾಧ್ಯವಿಲ್ಲದ ಅಂಗವಿಕಲ ಮಗುವಿಗೆ ತಂದೆ ತಾಯಿಯ ನಂತರ ಜೀವನಪೂರ್ತಿ ಕುಟುಂಬ ಪಿಂಚಣಿಯ ಅವಕಾಶವಿದೆ. ಈಗಲೇ ಕಚೇರಿಗೆ ಅರ್ಜಿ ಕೊಟ್ಟು ಪಿಂಚಣಿ ಆದೇಶದಲ್ಲಿ ಹೆಸರು ಸೇರಿಸಿಸಿ. ಖಾಸಗಿ ಕೆಲಸದಲ್ಲಿ ಪಿ.ಎಫ್. ಕಡಿತವಾಗುತ್ತಿದ್ದರೆ 1995ರ ಪಿಂಚಣಿ ಯೋಜನೆಯಲ್ಲೂ ಪೂರ್ಣ ಅಂಗವಿಕಲ ಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲದೆ ಪಿಂಚಣಿ ಇದೆ.

ಆದಾಯ ತೆರಿಗೆ ಕಟ್ಟುವ ಮನೆಗಳಲ್ಲಿ, ಹಳೆಯ ಪದ್ಧತಿಯಲ್ಲಿ ಲೆಕ್ಕ ಒಪ್ಪಿಸುವವರಿಗೆ, ಅವಲಂಬಿತರ ಅಂಗವೈಕಲ್ಯ ಶೇಕಡಾ 40ರಿಂದ ಮೇಲಿದ್ದರೆ 75,000 ರೂಪಾಯಿ, 80ರಿಂದ ಮೇಲಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಇದನ್ನು 80ಡಿಡಿ ಎಂದು ಕರೆಯುತ್ತಿದ್ದರು. 2025ರ ಹೊಸ ಕಾನೂನಿನಲ್ಲಿ ಕಲಮಿನ ಸಂಖ್ಯೆ ಬದಲಾಗಿದೆ.

ಈ ವಾರವೇ ಮಾಡಿ

1. ಅಂಗವೈಕಲ್ಯದ ಸರ್ಟಿಫಿಕೇಟ್, ಯುಡಿಐಡಿ ಕಾರ್ಡ್, ಆಧಾರ್, ಬ್ಯಾಂಕ್ ಪುಸ್ತಕ ಒಂದೇ ಫೈಲಿನಲ್ಲಿಡಿ.
2. ಮನೆಯಲ್ಲಿರುವ ಪಾಲಿಸಿಗಳನ್ನೆಲ್ಲ ತೆಗೆದು ನಾಮಿನಿ ಯಾರೆಂದು ನೋಡಿ. ಎಂದೋ ತೀರಿಹೋದ ಅತ್ತೆಯವರ ಹೆಸರು ಇನ್ನೂ ಇದ್ದೀತು!
3. ಮಗುವಿಗೆ ಹದಿನೆಂಟು ತುಂಬಿದ್ದರೆ ಪೋಷಕರ ನೇಮಕಕ್ಕೆ ಅರ್ಜಿ ಹಾಕಿ.
4. ಯಜಮಾನರದಷ್ಟೇ ಅಲ್ಲ, ನಿಮ್ಮ ಜೀವಕ್ಕೂ ವಿಮೆ ಮಾಡಿಸಿ.
5. ಉಯಿಲು ಬರೆದಿಡಿ. ಮನೆ, ಜಮೀನು ಇದ್ದರಂತೂ ವಕೀಲರನ್ನು ಕೇಳಿ ಬರೆಸಿ.
6. ಒಡಹುಟ್ಟಿದವರ ಜೊತೆ ಕೂತು ಮಾತಾಡಿ.

ಇದೆಲ್ಲದರ ಜೊತೆಗೆ ನಾನು ಇನ್ನೊಂದು ಕೆಲಸ ಮಾಡಿದೆ. ಇನ್ನೂರು ಪುಟದ ನೋಟ್ ಪುಸ್ತಕವೊಂದರಲ್ಲಿ ಪುಟ್ಟನ ದಿನಚರಿ ಬರೆದಿಟ್ಟಿದ್ದೇನೆ. ಅವನಿಗೆ ಸಾರು ಬೇಕು, ಹುಳಿ ಸೇರದು. ಗುಡುಗಿದರೆ ಕೈ ಹಿಡಿದುಕೊಳ್ಳಬೇಕು. ಗದರಿದರೆ ಊಟ ಬಿಡುತ್ತಾನೆ, ಹಾಡಿದರೆ ಮಾತ್ರೆ ನುಂಗುತ್ತಾನೆ. ಪಾಲಿಸಿಯ ಹಣದಿಂದ ಅಕ್ಕಿ ಬೇಳೆ ಬಂದೀತು, ಇವೆಲ್ಲ ಯಾರಿಗೆ ಗೊತ್ತಾಗಬೇಕು?

ಮೊನ್ನೆ ಆ ಏಜೆಂಟ್ ಹುಡುಗ ಮತ್ತೆ ಬಂದಿದ್ದ. "ಏನಕ್ಕಾ, ಕೊನೆಗೂ ಪುಟ್ಟನಿಗೆ ಪಾಲಿಸಿ ಮಾಡಿಸಲೇ ಇಲ್ಲ?" ಎಂದ. "ಮಾಡಿಸಿದೆವಲ್ಲಪ್ಪಾ, ನಮ್ಮಿಬ್ಬರ ಜೀವದ ಮೇಲೆ" ಎಂದೆ. ಅವನು ತಲೆ ಕೆರೆದುಕೊಂಡ. ಪುಟ್ಟ ಒಳಗಿನಿಂದ ಓಡಿಬಂದು ಅವನ ಕೈಗೆ ಒಂದು ಲೋಟ ನೀರು ಕೊಟ್ಟು ನಕ್ಕ.